ಒಂದು ಸಾವು, ನಾಲ್ಕು ವಿಚಾರಣೆ: ಸವನ್ನಾದ ಮರ್ಸರ್ ಹೌಸ್ ಪ್ರಕರಣದ ಹಿನ್ನೆಲೆ

1981ರ ಮೇ 2ರ ನಸುಕಿನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಸವನ್ನಾ ನಗರದಲ್ಲಿ, ಮರ್ಸರ್ ಹೌಸ್ ಎಂಬ ಹಳೆಯ ಬಂಗಲೆಯ ಓದುಕೋಣೆಯಲ್ಲಿ, 21 ವರ್ಷದ ಡ್ಯಾನಿ ಹ್ಯಾನ್ಸ್‌ಫರ್ಡ್ ಗುಂಡೇಟಿನಿಂದ ಸತ್ತ. ಗುಂಡು ಹಾರಿಸಿದವನು ಯಾರೆಂಬುದರಲ್ಲಿ ಒಂದು ಗಳಿಗೆಯೂ ಅನುಮಾನವಿರಲಿಲ್ಲ. ಬಂಗಲೆಯ ಒಡೆಯ, ಹಳೆಯ ಪೀಠೋಪಕರಣಗಳ ವ್ಯಾಪಾರಿ ಜಿಮ್ ವಿಲಿಯಮ್ಸ್ ತಾನೇ ಹಾರಿಸಿದೆನೆಂದು ಪೊಲೀಸರ ಮುಂದೆ ಒಪ್ಪಿಕೊಂಡ. ಅದು ಆತ್ಮರಕ್ಷಣೆಯೋ ಕೊಲೆಯೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು. ಅದಕ್ಕೆ ಎಂಟು ವರ್ಷ ಹಿಡಿಯಿತು, ನಾಲ್ಕು ಜ್ಯೂರಿಗಳು (ತೀರ್ಪು ಹೇಳುವ ಹನ್ನೆರಡು ನಾಗರಿಕರ ಮಂಡಳಿಗಳು) ಕೂರಬೇಕಾಯಿತು. ಒಂದೇ ಕೊಲೆ ಆರೋಪಕ್ಕೆ ನಾಲ್ಕು ಸಲ ಕಟಕಟೆ ಹತ್ತಿದವನು ಜಾರ್ಜಿಯಾದ ಇತಿಹಾಸದಲ್ಲಿ ಅವನೇ ಮೊದಲಿಗ.

ಈ ಪ್ರಕರಣವನ್ನು ಒಂದು ವಿಚಿತ್ರ ಊರಿನ ಕಥೆಯಾಗಿ ಹೇಳುವುದೇ ರೂಢಿಯಾಗಿದೆ. ಆದರೆ ನಾಲ್ಕೂ ವಿಚಾರಣೆಗಳ ಜಾಡು ಹಿಡಿದು ಹೋದರೆ ಸಿಗುವುದು ಪೊಲೀಸ್ ವರದಿಯಿಂದ ಮರೆಯಾದ ಒಂದು ಮಾತು ಮತ್ತು ಶವದ ಕೈಗಳಿಗೆ ಕಟ್ಟಿದ ಎರಡು ಚೀಲಗಳು. ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಅಲ್ಲೇ.

ಹಾಗೆಂದು ಊರನ್ನು ಬಿಟ್ಟು ಮುಂದೆ ಹೋಗಲಾಗದು. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಸವನ್ನಾವನ್ನು ಕಟ್ಟಿಸಿದಾಗ ನಡುವೆ ಒಂದು ಚೌಕ, ಸುತ್ತ ಮನೆ ನಿವೇಶನಗಳು, ಮತ್ತೆ ಒಂದು ಚೌಕ ಎಂಬ ಕ್ರಮದಲ್ಲಿ ನಕ್ಷೆ ಹಾಕಿದ. ಅಂಥ 24 ಚೌಕಗಳಲ್ಲಿ 22 ಇಂದಿಗೂ ಉಳಿದಿವೆ. ಆರಂಭದ ವಸಾಹತಿನಲ್ಲಿ ರಮ್ ನಿಷಿದ್ಧವಾಗಿತ್ತು, ಗುಲಾಮಗಿರಿ ನಿಷಿದ್ಧವಾಗಿತ್ತು, ವಕೀಲರಿಗೂ ಪ್ರವೇಶವಿರಲಿಲ್ಲ. ಯಾವ ನಿಷೇಧವೂ ಬಹುಕಾಲ ನಿಲ್ಲಲಿಲ್ಲ. ಗುಲಾಮಗಿರಿ 1751ರಲ್ಲಿ ಕಾನೂನುಬದ್ಧವಾಯಿತು; ಮುಂದೆ ಹತ್ತಿಯ ಹಣ ಹರಿದುಬಂತು. 1859ರ ಮಾರ್ಚ್‌ನಲ್ಲಿ ಇದೇ ಊರಿನ ಹೊರವಲಯದ ಕುದುರೆ ಜೂಜಿನ ಮೈದಾನದಲ್ಲಿ ಎರಡು ದಿನಗಳ ಕಾಲ ನಾನೂರಕ್ಕೂ ಹೆಚ್ಚು ಮನುಷ್ಯರನ್ನು ಹರಾಜು ಹಾಕಲಾಯಿತು. ಸವನ್ನಾದ ಚೆಲುವಾದ ಮನೆಗಳನ್ನು ಹೊಗಳುವಾಗ ಈ ಹರಾಜನ್ನೂ ನೆನೆಯಬೇಕು.

ಮರ್ಸರ್ ಹೌಸ್‌ನ ಕೆಲಸ ಶುರುವಾದದ್ದು ಅದರ ಮರುವರ್ಷ, 1860ರಲ್ಲಿ. ಕಟ್ಟಿಸಲು ಹೊರಟವನು ಹ್ಯೂ ಮರ್ಸರ್. ಅಂತರ್ಯುದ್ಧ ಬಂದು ಕೆಲಸ ನಿಂತಿತು. ಅವನು ದಕ್ಷಿಣದ ಸೇನೆಯಲ್ಲಿ ಜನರಲ್ ಆದ. 1864ರ ಡಿಸೆಂಬರ್‌ನಲ್ಲಿ ಉತ್ತರದ ಜನರಲ್ ಶರ್ಮನ್ ಊರನ್ನು ಹಿಡಿದ. ಅದನ್ನು ಸುಡಲಿಲ್ಲ, ಕ್ರಿಸ್‌ಮಸ್ ಉಡುಗೊರೆಯೆಂದು ಅಧ್ಯಕ್ಷ ಲಿಂಕನ್‌ಗೆ ತಂತಿ ಕಳಿಸಿದ. ಹಾಗಾಗಿ ಮನೆಗಳು ಉಳಿದವು. ಯುದ್ಧ ಮುಗಿದ ಮೇಲೆ ಜನರಲ್ ಮರ್ಸರ್‌ನನ್ನು ಸೈನಿಕರ ಕೊಲೆಯ ಆರೋಪದಲ್ಲಿ ಬಂಧಿಸಿ ವಿಚಾರಣೆ ಮಾಡಿದರು, ಅವನು ಖುಲಾಸೆಯಾದ. ಮರ್ಸರ್ ಮನೆತನದವರು ಆ ಮನೆಯಲ್ಲಿ ಒಂದು ದಿನವೂ ವಾಸಿಸಲಿಲ್ಲ. ನೂರಿಪ್ಪತ್ತು ವರ್ಷಗಳ ಅಂತರದಲ್ಲಿ ಒಂದೇ ಮನೆಯ ಇಬ್ಬರು ಒಡೆಯರು ಕೊಲೆ ಆರೋಪ ಹೊತ್ತು ಇಬ್ಬರೂ ಬಿಡುಗಡೆಯಾದರು ಎಂಬುದನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತಿದ್ದೆ.

ಇಪ್ಪತ್ತನೆಯ ಶತಮಾನದ ನಡುವಿಗೆ ಸವನ್ನಾದ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿದ್ದವು. 1954ರಲ್ಲಿ ಹಳೆಯ ಮಾರುಕಟ್ಟೆಯನ್ನು ಕೆಡವಿ ವಾಹನ ನಿಲ್ದಾಣ ಮಾಡಿದಾಗ ಊರು ಎಚ್ಚೆತ್ತಿತು. ಮರುವರ್ಷ ಏಳು ಮಹಿಳೆಯರು ಸೇರಿ ಪರಂಪರೆ ಉಳಿಸುವ ಪ್ರತಿಷ್ಠಾನ ಕಟ್ಟಿದರು. ಆ ಹೊತ್ತಿಗೆ ವಿಲಿಯಮ್ಸ್ ಕೂಡ ಇದೇ ಕೆಲಸಕ್ಕೆ ಇಳಿದಿದ್ದ. ಗಾರ್ಡನ್ ಎಂಬ ಸಣ್ಣ ಊರಿನಿಂದ ಬಂದ, ಹಿರೀಕರ ಆಸ್ತಿಯಿಲ್ಲದ ಅವನು ಐವತ್ತಕ್ಕೂ ಹೆಚ್ಚು ಮನೆಗಳನ್ನು ಕೊಂಡು ದುರಸ್ತಿ ಮಾಡಿದ. 1969ರಲ್ಲಿ ಖಾಲಿ ಬಿದ್ದಿದ್ದ ಮರ್ಸರ್ ಹೌಸ್ ಅನ್ನು ಕೊಂಡ. ಅವನ ಕ್ರಿಸ್‌ಮಸ್ ಔತಣಕ್ಕೆ ಕರೆ ಬಂದರೆ ಊರಿನ ದೊಡ್ಡವರ ಸಾಲಿಗೆ ಸೇರಿದಂತೆಯೇ ಆಗಿತ್ತು. ಎದುರಿನ ಚೌಕದಲ್ಲಿ ಚಿತ್ರೀಕರಣಕ್ಕೆ ಬಂದ ತಂಡವನ್ನು ಓಡಿಸಲು ಅವನು ಬಾಲ್ಕನಿಯಿಂದ ನಾಜಿ ಬಾವುಟ ಇಳಿಬಿಟ್ಟದ್ದೂ ಉಂಟು. ಅದೇ ಚೌಕದ ಬದಿಯಲ್ಲಿ ಯೆಹೂದಿಗಳ ಪ್ರಾರ್ಥನಾಮಂದಿರವಿದೆ. ಇದನ್ನು ಊರಿನ ತಮಾಷೆಯೆಂದು ಹೇಳುವವರಿದ್ದಾರೆ. ನನಗೆ ಅದು ಕ್ರೌರ್ಯವಾಗಿಯೇ ಕಾಣುತ್ತದೆ.

ಡ್ಯಾನಿ ಅವನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಬ್ಬರ ನಡುವೆ ದೈಹಿಕ ಸಂಬಂಧವೂ ಇತ್ತು. ಆ ಕಾಲದ ಜಾರ್ಜಿಯಾದಲ್ಲಿ ಅಂಥ ಸಂಬಂಧಕ್ಕೆ 20 ವರ್ಷದವರೆಗೆ ಜೈಲು ವಿಧಿಸಬಹುದಾಗಿತ್ತು. ಜಾರ್ಜಿಯಾದ ಇದೇ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲಿ, ಅಂದರೆ ವಿಲಿಯಮ್ಸ್‌ನ ಎರಡನೆಯ ಮತ್ತು ಮೂರನೆಯ ವಿಚಾರಣೆಗಳ ನಡುವೆ, ಎತ್ತಿಹಿಡಿಯಿತು. ಊರಿನಲ್ಲಿ ಗೊತ್ತಿದ್ದೂ ಯಾರೂ ಬಾಯಿಬಿಡದ ವಿಷಯ ಜ್ಯೂರಿಯ ಮುಂದೆ ಬಿಚ್ಚಿಕೊಂಡಾಗ ಅದು ಬರೀ ವಿವರವಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ವಿಲಿಯಮ್ಸ್ ಹೇಳಿದ್ದು ಇಷ್ಟು: ಕೋಪದಲ್ಲಿದ್ದ ಡ್ಯಾನಿ ಮನೆಯಲ್ಲಿದ್ದ ಜರ್ಮನ್ ಲೂಗರ್ ಪಿಸ್ತೂಲಿನಿಂದ ತನ್ನತ್ತ ಗುಂಡು ಹಾರಿಸಿದ, ಗುರಿ ತಪ್ಪಿತು, ತಾನು ಮೇಜಿನ ಡ್ರಾಯರ್‌ನಿಂದ ಇನ್ನೊಂದು ಪಿಸ್ತೂಲು ತೆಗೆದು ಹೊಡೆದೆ. ಗುಂಡುಗಳು ಎದೆ, ಬೆನ್ನು ಮತ್ತು ಕಿವಿಯ ಹಿಂಭಾಗಕ್ಕೆ ಬಿದ್ದಿದ್ದವು. ಜಿಲ್ಲಾ ಪ್ರಾಸಿಕ್ಯೂಟರ್ ಸ್ಪೆನ್ಸರ್ ಲಾಟನ್ ವಾದ ಬೇರೆ: ಡ್ಯಾನಿ ನೆಲಕ್ಕೆ ಬಿದ್ದ ಮೇಲೂ ವಿಲಿಯಮ್ಸ್ ಹೊಡೆದ, ಆಮೇಲೆ ಎರಡನೆಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿ ಸಾಕ್ಷ್ಯ ಸೃಷ್ಟಿಸಿದ. ಈ ವಾದಕ್ಕೆ ಬಲವಿತ್ತು. ಸತ್ತವನ ಪ್ಯಾಂಟಿನ ಮೇಲೆ ಕುರ್ಚಿಯ ಕಾಲು ಊರಿತ್ತು. ಮೇಜಿನ ಮೇಲಿದ್ದ ಪಿಸ್ತೂಲಿನ ಮೇಲೆ ಕಾಗದದ ಚೂರುಗಳು ಬಿದ್ದಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಗುಂಡು ಹಾರಿಸಿದ ಕೈಯಲ್ಲಿ ಉಳಿಯಬೇಕಾದ ಮದ್ದಿನ ಕಣಗಳು ಡ್ಯಾನಿಯ ಕೈಯಲ್ಲಿ ಸಿಗಲಿಲ್ಲ. 1982ರಲ್ಲಿ ಜ್ಯೂರಿ ಅಪರಾಧಿಯೆಂದಿತು, ಜೀವಾವಧಿ ಶಿಕ್ಷೆಯಾಯಿತು.

ಇಲ್ಲಿಗೆ ಮುಗಿಯಬೇಕಿದ್ದ ಪ್ರಕರಣವನ್ನು ತಿರುಗಿಸಿದ್ದು ಸಾವಿಗೆ ಒಂದು ತಿಂಗಳ ಹಿಂದಿನ ಘಟನೆ. 1981ರ ಏಪ್ರಿಲ್ 3ರಂದು ಡ್ಯಾನಿ ಮನೆಯೊಳಗೆ ಗುಂಡು ಹಾರಿಸಿ ದಾಂಧಲೆ ಮಾಡಿದ್ದಾನೆಂದು ವಿಲಿಯಮ್ಸ್ ಪೊಲೀಸರನ್ನು ಕರೆಸಿದ್ದ. ಮುಂದಿನ ಕೊಲೆಗೆ ಪೀಠಿಕೆಯಾಗಿ ಅವನೇ ಹೂಡಿದ ನಾಟಕ ಅದು ಎಂಬುದು ಪ್ರಾಸಿಕ್ಯೂಷನ್ ವಾದ. ಆ ದಿನ ಮನೆಗೆ ಹೋಗಿದ್ದ ಪೊಲೀಸ್, ನೆಲದಲ್ಲಿ ಗುಂಡಿನ ತೂತು ಕಂಡಿತು, ಆದರೆ ಅದು ಹೊಸದೋ ಹಳೆಯದೋ ಹೇಳಲಾರೆ ಎಂದು ಸಾಕ್ಷಿ ನುಡಿದ. ಅವನೇ ಬರೆದ ವರದಿಯಲ್ಲಿ ಅದು ಹೊಸ ಗುರುತು ಎಂದಿತ್ತು. ಪ್ರತಿವಾದಿಗೆ ಕೊಟ್ಟ ಪ್ರತಿಯಲ್ಲಿ ಆ ಮಾತು ಇರಲಿಲ್ಲ. 1983ರಲ್ಲಿ ಜಾರ್ಜಿಯಾ ಸುಪ್ರೀಂ ಕೋರ್ಟ್ ಇದನ್ನು ಖಾರವಾಗಿ ಖಂಡಿಸಿ ತೀರ್ಪನ್ನು ರದ್ದು ಮಾಡಿತು. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಸರ್ಕಾರ ಮುಚ್ಚಿಡುವಂತಿಲ್ಲ ಎಂಬ ನಿಯಮ ಅಮೆರಿಕದಲ್ಲಿ 1963ರಿಂದಲೇ ಇತ್ತು. ವಿಲಿಯಮ್ಸ್ ಸುಳ್ಳು ಹೇಳಿದ್ದನೆಂದೇ ಇಟ್ಟುಕೊಳ್ಳೋಣ. ಆಗಲೂ ಆ ಮಾತನ್ನು ಮರೆಮಾಡುವ ಹಕ್ಕು ಯಾರಿಗೂ ಇರಲಿಲ್ಲ.

ಎರಡನೆಯ ವಿಚಾರಣೆಯಲ್ಲಿ ವಕೀಲ ಸಾನಿ ಸೈಲರ್ ಬಂದ. ಜಾರ್ಜಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಲಾಂಛನವಾದ ಬುಲ್‌ಡಾಗ್ ನಾಯಿಗಳನ್ನು ಸಾಕುತ್ತಿದ್ದ ಮನೆಯವನು ಅವನು. ಮತ್ತೆ ಶಿಕ್ಷೆಯಾಯಿತು, ವಿಲಿಯಮ್ಸ್ ಜೈಲಿನಿಂದಲೇ ವ್ಯಾಪಾರ ನಡೆಸಿದ. 1985ರಲ್ಲಿ ಆ ತೀರ್ಪೂ ಬಿತ್ತು: ಜ್ಯೂರಿ ತಾನೇ ಊಹಿಸಿಕೊಳ್ಳಬಲ್ಲ ಸಂಗತಿಗೆ ಪೊಲೀಸ್ ಅಧಿಕಾರಿಯನ್ನು ತಜ್ಞನೆಂದು ನಿಲ್ಲಿಸಿದ್ದು ತಪ್ಪು ಎಂದಿತು ಮೇಲಿನ ನ್ಯಾಯಾಲಯ.

ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಕೂಡದು ಎಂಬ ರಕ್ಷಣೆ ಏನಾಯಿತು ಎಂದು ಓದುಗರು ಕೇಳಬಹುದು. ಅಮೆರಿಕದಲ್ಲೂ ಅದಿದೆ. ಆದರೆ ಆರೋಪಿಯ ಮೇಲ್ಮನವಿಯಿಂದ ವಿಚಾರಣೆಯ ಲೋಪಕ್ಕಾಗಿ ಶಿಕ್ಷೆ ರದ್ದಾದರೆ, ಅಥವಾ ಜ್ಯೂರಿ ಒಮ್ಮತಕ್ಕೆ ಬಾರದಿದ್ದರೆ, ಮರುವಿಚಾರಣೆ ನಡೆಸಬಹುದು. ಖುಲಾಸೆಯಾದರೆ ಮಾತ್ರ ಅದೇ ಕೊನೆ, ಸರ್ಕಾರ ಮೇಲ್ಮನವಿ ಹಾಕುವಂತಿಲ್ಲ. ನಮ್ಮಲ್ಲಿ ಖುಲಾಸೆಯ ವಿರುದ್ಧವೂ ಸರ್ಕಾರ ಹೈಕೋರ್ಟಿಗೆ ಹೋಗಬಹುದು. 1959ರ ನಾನಾವತಿ ಪ್ರಕರಣದಲ್ಲಂತೂ ಜ್ಯೂರಿ ನಿರಪರಾಧಿಯೆಂದವನಿಗೆ ಬಾಂಬೆ ಹೈಕೋರ್ಟ್ ಶಿಕ್ಷೆ ಕೊಟ್ಟಿತು.

ಮೂರನೆಯ ವಿಚಾರಣೆ 1987ರಲ್ಲಿ. ಹನ್ನೊಂದು ಮಂದಿ ಶಿಕ್ಷೆಯ ಪರ, ಒಬ್ಬರು ವಿರುದ್ಧ, ಜ್ಯೂರಿ ಮುರಿಯಿತು. ಕೈಯ ಮದ್ದಿನ ಕಣಗಳ ವಾದವೂ ಅಷ್ಟರಲ್ಲಿ ಸಡಿಲವಾಗಿತ್ತು. ಶವದ ಕೈಗಳಿಗೆ ಮನೆಯಲ್ಲೇ ಚೀಲ ಕಟ್ಟಿದೆವೆಂದು ಪೊಲೀಸರು ಹೇಳಿದ್ದರು. ಚೀಲ ಕಟ್ಟಿದ್ದು ಆಸ್ಪತ್ರೆಯಲ್ಲಿ ಎಂದು ಆಸ್ಪತ್ರೆಯ ದಾಖಲೆ ಹೇಳಿತು. ಅಂದರೆ ಮನೆಯಿಂದ ಆಸ್ಪತ್ರೆಯವರೆಗೆ ಬರಿಗೈ ಎಲ್ಲೆಲ್ಲಿ ಉಜ್ಜಿತೋ ಯಾರು ಬಲ್ಲರು? ಕಣಗಳು ಇಲ್ಲದಿರುವುದು ಆಗ ಏನನ್ನೂ ಸಾಬೀತು ಮಾಡುವುದಿಲ್ಲ. ಪ್ರಯೋಗಾಲಯದ ಯಂತ್ರ ಎಷ್ಟೇ ಸೂಕ್ಷ್ಮವಿರಲಿ, ಅದರ ಉತ್ತರಕ್ಕೆ ಬೆಲೆ ಬರುವುದು ಶವವನ್ನು ಮೊದಲು ಮುಟ್ಟಿದವರ ಎಚ್ಚರದಿಂದ.

ಸವನ್ನಾದಲ್ಲಿ ಈ ಬಗ್ಗೆ ಅಭಿಪ್ರಾಯವಿಲ್ಲದ ಹನ್ನೆರಡು ಜನ ಸಿಗುವುದು ಕಷ್ಟವಾಗಿತ್ತು. ನಾಲ್ಕನೆಯ ವಿಚಾರಣೆಯನ್ನು ಅಗಸ್ಟಾ ನಗರಕ್ಕೆ ವರ್ಗಾಯಿಸಿದರು. 1989ರ ಮೇ ತಿಂಗಳಲ್ಲಿ ಅಲ್ಲಿನ ಜ್ಯೂರಿ ಸ್ವಲ್ಪ ಹೊತ್ತಿನಲ್ಲೇ ಅವನನ್ನು ಬಿಡುಗಡೆ ಮಾಡಿತು. ಎಂಟು ತಿಂಗಳ ಬಳಿಕ, 1990ರ ಜನವರಿ 14ರಂದು, ವಿಲಿಯಮ್ಸ್ ತನ್ನ 59ನೆಯ ವಯಸ್ಸಿನಲ್ಲಿ ಅದೇ ಮನೆಯಲ್ಲಿ ಸತ್ತ.

ಮುಂದಿನದು ಪ್ರವಾಸೋದ್ಯಮದ ಇತಿಹಾಸ. ಈ ಪ್ರಕರಣವನ್ನು ಕುರಿತು 1994ರಲ್ಲಿ ಬಂದ ಜಾನ್ ಬೆರೆಂಟ್‌ನ ‘ಮಿಡ್‌ನೈಟ್ ಇನ್ ದಿ ಗಾರ್ಡನ್ ಆಫ್ ಗುಡ್ ಅಂಡ್ ಈವಿಲ್’ ಎಂಬ ಪುಸ್ತಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅತಿ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿತ್ತು. ಸಿನಿಮಾ ಬಂತು, ಮನೆ ಮ್ಯೂಸಿಯಂ ಆಯಿತು. ಪುಸ್ತಕದ ಮುಖಪುಟದಲ್ಲಿದ್ದ ಹುಡುಗಿಯ ಕಂಚಿನ ಪ್ರತಿಮೆಯನ್ನು ನೋಡಲು ಬೋನಾವೆಂಚರ್ ಸ್ಮಶಾನಕ್ಕೆ ಜನ ಎಷ್ಟು ನುಗ್ಗಿದರೆಂದರೆ ಪ್ರತಿಮೆಯನ್ನೇ ಅಲ್ಲಿಂದ ತೆಗೆದು ಮ್ಯೂಸಿಯಂಗೆ ಸಾಗಿಸಬೇಕಾಯಿತು.

ನಾಲ್ಕೂ ವಿಚಾರಣೆಗಳಲ್ಲಿ ಡ್ಯಾನಿಯ ಬಗ್ಗೆ ಮಾತನಾಡಿದ್ದು ಬೇರೆಯವರು. ಪುಂಡ, ಕುಡುಕ, ಹಣಕ್ಕಾಗಿ ಬಂದವನು ಎಂದು ಒಂದು ಪಕ್ಷ ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸಿತು. ಅವನ ಪರವಾಗಿ ದುಃಖಿಸಲು ತಾಯಿಯಿದ್ದಳು. ಅವನನ್ನು ಮಣ್ಣು ಮಾಡಿರುವುದು ಗ್ರೀನಿಚ್ ಸ್ಮಶಾನದಲ್ಲಿ, ಪ್ರವಾಸಿಗರು ಇಳಿಯುವ ಬೋನಾವೆಂಚರ್‌ನ ಪಕ್ಕದಲ್ಲೇ.