ಬಣ್ಣಕ್ಕೆ ತೆತ್ತ ಬೆಲೆ: ‘ದಿ ವಿಝರ್ಡ್ ಆಫ್ ಆಝ್’ ಸೆಟ್ಟಿನ ಕತೆ

ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಮಕ್ಕಳ ಕಾದಂಬರಿಯಲ್ಲಿ ಕಥಾನಾಯಕಿ ಡೊರೊತಿ ಹಾಕಿಕೊಳ್ಳುವುದು ಬೆಳ್ಳಿ ಶೂ. ಅದನ್ನು ಆಧರಿಸಿ ಎಂಜಿಎಂ ಸ್ಟುಡಿಯೋ ತೆಗೆದ 1939ರ ಸಿನಿಮಾದಲ್ಲಿ ಅದು ಕೆಂಪು ಮಾಣಿಕ್ಯದ ಶೂ ಆಯ್ತು. ಟೆಕ್ನಿಕಲರ್ ಎಂಬ ಆಗಿನ ಬಣ್ಣದ ಚಿತ್ರೀಕರಣ ತಂತ್ರದಲ್ಲಿ ಕೆಂಪು ಎದ್ದು ಕಾಣುತ್ತದೆ, ಅದಕ್ಕೇ ಈ ಬದಲಾವಣೆ. ಈ ಸಂಗತಿ ಸಿನಿಮಾಪ್ರಿಯರಿಗೆಲ್ಲ ಗೊತ್ತು. ಆದರೆ ಅದೇ ಬಣ್ಣದ ಹಂಬಲ ಕಲಾವಿದರನ್ನು ಎಷ್ಟು ನೋಯಿಸಿತು ಅನ್ನೋದೂ ಅಷ್ಟೇ ಗೊತ್ತಿರಬೇಕು.

ಆಗಿನ ಟೆಕ್ನಿಕಲರ್ ಕ್ಯಾಮೆರಾಗೆ ಬೆಳಕು ಎಷ್ಟಿದ್ದರೂ ಸಾಲದು. ದೊಡ್ಡ ದೊಡ್ಡ ಲೈಟುಗಳ ಕೆಳಗೆ ಸೆಟ್ಟು ಕುಲುಮೆಯಂತೆ ಕಾಯುತ್ತಿತ್ತು. ಆ ಸೆಖೆಯಲ್ಲಿ ಮುಖದ ತುಂಬಾ ಮೇಕಪ್ ಬೇರೆ.

ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಬಂದವರು ಬಡ್ಡಿ ಎಬ್ಸನ್. ಅವರ ಮುಖಕ್ಕೆ ಅಲ್ಯುಮಿನಿಯಂ ಪುಡಿ ಹಾಕುತ್ತಿದ್ದರು. ಪುಡಿ ಶ್ವಾಸಕೋಶಕ್ಕೆ ಇಳಿಯಿತು. ಉಸಿರಾಡಲಾಗದೆ ಅವರು ಆಸ್ಪತ್ರೆ ಸೇರಿದರು. ಪಾತ್ರ ಜ್ಯಾಕ್ ಹೇಲಿ ಪಾಲಾಯಿತು. ಈ ಸಲ ಪುಡಿಯ ಬದಲು ಪೇಸ್ಟ್ ಬಳಿದರು. ಅಂದರೆ ತಪ್ಪು ಎಲ್ಲಿದೆ ಅಂತ ಸ್ಟುಡಿಯೋಗೆ ಅರ್ಥವಾಗಿತ್ತು, ಅಲ್ವಾ? ಹೇಲಿಗೂ ಕಣ್ಣಿನ ಸೋಂಕು ತಪ್ಪಲಿಲ್ಲ.

ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಮಾರ್ಗರೆಟ್ ಹ್ಯಾಮಿಲ್ಟನ್ ಕತೆ. ನಟಿಯಾಗುವ ಮೊದಲು ಅವರು ಶಿಶುವಿಹಾರದ ಟೀಚರ್. ಇಲ್ಲಿ ಹಸಿರು ಮುಖದ ಮಾಟಗಾತಿ. 1938ರ ಡಿಸೆಂಬರ್‌ನಲ್ಲಿ, ಮಾಟಗಾತಿ ಹೊಗೆ ಬೆಂಕಿಯ ನಡುವೆ ಮಾಯವಾಗುವ ದೃಶ್ಯದ ಶೂಟಿಂಗ್. ನೆಲದಲ್ಲಿದ್ದ ಗುಪ್ತ ಬಾಗಿಲಿನಿಂದ ಅವರು ಕೆಳಗಿಳಿದ ಮೇಲೆ ಬೆಂಕಿ ಏಳಬೇಕು. ಒಂದು ಟೇಕ್ ಸರಿಯಾಗಿಯೇ ಬಂದಿತ್ತು, ಸಿನಿಮಾದಲ್ಲಿ ನಾವು ನೋಡುವುದು ಅದನ್ನೇ. ಆದರೂ ಇನ್ನೊಂದು ತೆಗೆದರು. ಈ ಬಾರಿ ಬೆಂಕಿ ಮೊದಲೇ ಹೊತ್ತಿಕೊಂಡಿತು. ಮುಖ, ಕೈ ಸುಟ್ಟವು. ಹಸಿರು ಮೇಕಪ್ಪಿನಲ್ಲಿ ತಾಮ್ರವಿತ್ತು, ಅದನ್ನು ಹಾಗೇ ಬಿಡುವಂತಿರಲಿಲ್ಲ. ಹಸಿ ಗಾಯದ ಮೇಲೆ ಆಲ್ಕೋಹಾಲ್ ಹಾಕಿ ಒರೆಸಿದರು. ಓದುವಾಗಲೇ ಮೈ ಜುಮ್ಮೆನ್ನುತ್ತದೆ.

ಅವರು ಕೋರ್ಟಿಗೆ ಹೋಗಲಿಲ್ಲ. ಹೋದರೆ ಮುಂದೆ ಕೆಲಸ ಸಿಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಸುಮಾರು ಆರು ವಾರ ಬಿಟ್ಟು ವಾಪಸ್ ಬಂದಾಗ ಕೈ ಇನ್ನೂ ಮಾಗಿರಲಿಲ್ಲ. ಬಣ್ಣ ಬಳಿಯುವ ಬದಲು ಹಸಿರು ಕೈಗವಸು ಹಾಕಿದರು. ಇನ್ನು ಬೆಂಕಿಯ ತಂಟೆ ಬೇಡ ಅಂದುಬಿಟ್ಟರು.

ಹೊಗೆ ಉಗುಳುವ ಪೊರಕೆಯ ಮೇಲೆ ಕೂರುವ ದೃಶ್ಯಕ್ಕೆ ಡ್ಯೂಪ್ ಬೆಟ್ಟಿ ಡ್ಯಾಂಕೊ ಅವರನ್ನು ಕೂರಿಸಿದರು. ಹೊಗೆಯ ಕೊಳವೆ ಸಿಡಿದು ಡ್ಯಾಂಕೊ ಕಾಲಿಗೆ ಪೆಟ್ಟಾಯಿತು, ಆಸ್ಪತ್ರೆ ಸೇರಬೇಕಾಯಿತು. ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿಲ್ಲ. ಖಂಡಿತ ಇರಬೇಕಿತ್ತು.