ಚಿತ್ರ ಇಳಿದಾಯಿತು, ವಾಕ್ಯ ಇನ್ನೂ ಇಳಿದಿಲ್ಲ

ಭೂಮಿ, ಬಾಹ್ಯಾಕಾಶದ ಸಾಕ್ಷ್ಯಚಿತ್ರಗಳಿಗೆ ಕನ್ನಡ ನಿರೂಪಣೆ ಬರೆಯಲು ಕೂತವರು ಮೊದಲು ಪದ ಎಣಿಸುವುದನ್ನು ಬಿಡಬೇಕು. ನಮ್ಮಲ್ಲಿ ‘ಈ’ ಎಂಬುದೂ ಒಂದು ಪದ, ‘ಕಾಣಿಸಿಕೊಳ್ಳುತ್ತಿತ್ತಂತೆ’ ಎಂಬುದೂ ಒಂದು ಪದ. ಅಕ್ಷರ ಎಣಿಸಿ. ಕೇಳುವವರು ಚಿತ್ರವನ್ನೂ ನೋಡಬೇಕು, ಮಾತನ್ನೂ ಹಿಡಿಯಬೇಕು ಅಂದರೆ ಸೆಕೆಂಡಿಗೆ ಐದು ಅಕ್ಷರ ಸಾಕು. ಎಂಟು ಸೆಕೆಂಡಿನ ಶಾಟಿಗೆ 40 ಅಕ್ಷರ. ಕೊನೆಯ ಒಂದು ಸೆಕೆಂಡು ಖಾಲಿ ಬಿಟ್ಟರೆ 35.

ಚಂದ್ರಯಾನ-3ರ ಬಗ್ಗೆ ಒಂದು ವಾಕ್ಯ ತೆಗೆದುಕೊಳ್ಳೋಣ: ‘2023ರ ಆಗಸ್ಟ್ 23ರಂದು ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರನ ದಕ್ಷಿಣ ಧ್ರುವದ ಬಳಿ ವಿಕ್ರಮ್ ಲ್ಯಾಂಡರ್ ಯಶಸ್ವಿಯಾಗಿ ಇಳಿಯಿತು.’ ವ್ಯಾಕರಣದಲ್ಲಿ ತಪ್ಪಿಲ್ಲ. ಬಾಯಿಬಿಟ್ಟು ಓದಿ, ಎಣಿಸಿ: ಸುಮಾರು 60 ಅಕ್ಷರ, ಅಂದರೆ 12 ಸೆಕೆಂಡು. ‘2023’ ಹಾಳೆಯಲ್ಲಿ ನಾಲ್ಕೇ ಅಂಕಿ. ಬಾಯಲ್ಲಿ ಅದು ‘ಎರಡು ಸಾವಿರದ ಇಪ್ಪತ್ತಮೂರು’, ಹನ್ನೆರಡು ಅಕ್ಷರ. ಶಾಟ್ ಎಂಟೇ ಸೆಕೆಂಡಿನದಾದರೆ, ತೆರೆಯ ಮೇಲೆ ಲ್ಯಾಂಡರ್ ನೆಲ ಮುಟ್ಟಿ ಧೂಳು ಅಡಗುವ ಹೊತ್ತಿಗೆ ಓದುವವರು ಇನ್ನೂ ‘ದಕ್ಷಿಣ’ ಅನ್ನುತ್ತಿರುತ್ತಾರೆ. ‘ಇಳಿಯಿತು’ ಬರುವಷ್ಟರಲ್ಲಿ ಬೇರೆ ಶಾಟ್ ಬಂದಿರುತ್ತದೆ.

ಇದು ಓದುವವರ ತಪ್ಪಲ್ಲ. ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಚಿತ್ರದಲ್ಲಿ ಕ್ರಿಯೆ ಮೊದಲೇ ನಡೆದುಬಿಡುತ್ತದೆ. ಆದ್ದರಿಂದ ವಾಕ್ಯವನ್ನು ಒಡೆಯಿರಿ. ತಾರೀಖನ್ನು ಹಿಂದಿನ ಶಾಟಿಗೆ, ದೂರದಿಂದ ಚಂದ್ರ ಕಾಣುವಾಗಲೇ ಹೇಳಿ ಮುಗಿಸಿ. ಇಳಿಯುವ ಶಾಟ್ ಶುರುವಾದಾಗ ‘ವಿಕ್ರಮ್ ಇಳಿಯುತ್ತಿದೆ.’ ಅಷ್ಟೇ. ನಾಲ್ಕು ಸೆಕೆಂಡು ಸುಮ್ಮನಿರಿ. ನೆಲ ಮುಟ್ಟಿದ ಕ್ಷಣಕ್ಕೆ ‘ಕಾಲೂರಿತು.’ ಗಂಟೆ ಎಷ್ಟಾಗಿತ್ತು ಎಂಬುದು ಮುಂದಿನ ಶಾಟಿಗೆ. ಇದಕ್ಕೆ ಹಾಳೆಯಲ್ಲಿ ಮೂರು ಕಾಲಂ ಬೇಕು: ಸಮಯ, ಚಿತ್ರ, ಮಾತು. ಸಂಕಲನದ ಮೇಜಿನಿಂದ ಟೈಮ್‌ಕೋಡ್ (ಪ್ರತಿ ಶಾಟ್ ಶುರುವಾಗುವ, ಮುಗಿಯುವ ಸಮಯ) ತರದೆ ಬರೆಯಲು ಕೂರಬೇಡಿ.

ಅದೇ ವಾಕ್ಯದಲ್ಲಿ ಇನ್ನೊಂದು ಎಚ್ಚರಿಕೆ. ವಿಕ್ರಮ್ ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಧ್ರುವ ಅಲ್ಲಿಂದ 600 ಕಿಲೋಮೀಟರಿಗೂ ಹೆಚ್ಚು ದೂರ. ‘ಧ್ರುವದ ಮೇಲೆ’ ಎಂದು ಬರೆದರೆ ಸುಳ್ಳು, ‘ಧ್ರುವದ ಬಳಿ’ ಎಂಬುದೂ ಸಡಿಲ. ‘ದಕ್ಷಿಣ ಧ್ರುವದ ದಿಕ್ಕಿನಲ್ಲಿ’ ಅಂದರೆ ಸರಿಯಾಗುತ್ತದೆ. ಲ್ಯಾಂಡರ್ ಇಳಿಯುವುದನ್ನು ಪಕ್ಕದಲ್ಲಿ ನಿಂತು ಚಿತ್ರೀಕರಿಸಿದವರೂ ಯಾರಿಲ್ಲ. ಆ ಶಾಟ್ ಅನಿಮೇಷನ್, ಆ ಮಾತು ತೆರೆಯ ಮೂಲೆಯಲ್ಲಿ ಇರಲೇಬೇಕು.

ಅತಿ ಹೆಚ್ಚು ಕೆಡುವುದು ಸಂಖ್ಯೆ. ಮಿಲಿಯನ್ ಅಂದರೆ ಹತ್ತು ಲಕ್ಷ, ಬಿಲಿಯನ್ ಅಂದರೆ ನೂರು ಕೋಟಿ. ಭೂಮಿಯ ವಯಸ್ಸು 454 ಕೋಟಿ ವರ್ಷ. ಅವಸರದಲ್ಲಿ ‘4.5 ಕೋಟಿ’ ಎಂದು ಬರೆದರೆ ಏನಾಗುತ್ತದೆ ನೋಡಿ: ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಭೂಮಿ ಹುಟ್ಟುವ ಮೊದಲೇ ಅವು ಸತ್ತಂತಾಯಿತು. ‘ಶತಕೋಟಿ’ ಓದಲು ಚೆಂದ, ಕಿವಿಗೆ ‘ಕೋಟಿ’ ಮಾತ್ರ ಉಳಿಯುತ್ತದೆ. ‘ನೂರು ಕೋಟಿ’ ಎಂದೇ ಬರೆಯಿರಿ.

ಗಾತ್ರ ಹೇಳುವಾಗ ಫುಟ್‌ಬಾಲ್ ಮೈದಾನದ ಹೋಲಿಕೆ ಬೇಡ. ಡೈನೋಸಾರ್‌ಗಳ ಕಾಲ ಮುಗಿಸಿದ ಕ್ಷುದ್ರಗ್ರಹ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಕೊರೆದ ಕುಳಿಯ ಅಡ್ಡಳತೆ ಸುಮಾರು 180 ಕಿಲೋಮೀಟರ್. ಒಂದು ಅಂಚನ್ನು ಮೈಸೂರಿನಲ್ಲಿಟ್ಟರೆ ಮಂಡ್ಯ, ರಾಮನಗರ ಎಲ್ಲ ಒಳಗೆ ಬಿದ್ದು ಇನ್ನೊಂದು ಅಂಚು ಬೆಂಗಳೂರನ್ನೂ ದಾಟುತ್ತದೆ. ಇಲ್ಲಿ ಬಸ್ಸಿನಲ್ಲಿ ಓಡಾಡುವವರಿಗೆ ಅದು ತಟ್ಟನೆ ಮನದಟ್ಟಾಗುತ್ತದೆ. ಹೋಲಿಕೆಯಲ್ಲೂ ಎಡವುವ ಜಾಗವಿದೆ. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೀರುತ್ತದೆ, ನಿಜ. ಆದರೆ ಮೈಸೂರು ನಗರವೇ 750 ಮೀಟರಿಗಿಂತ ಮೇಲಿದೆ. ಕಣ್ಣಿಗೆ ಕಾಣುವ ಬೆಟ್ಟ 300 ಮೀಟರ್ ಆಸುಪಾಸು. ಮಂಗಳನಲ್ಲಿ ಸಮುದ್ರವೇ ಇಲ್ಲ. ಅಲ್ಲಿನ ಬೆಟ್ಟಕ್ಕೆ ಹೋಲಿಸುವಾಗ ಯಾವ ಮಟ್ಟದಿಂದ ಅಳೆದದ್ದು ಎಂದು ನೋಡಿಕೊಳ್ಳಿ.

ಪಾರಿಭಾಷಿಕ ಪದಗಳಲ್ಲಿ ಹಟ ಬೇಡ. ಕಕ್ಷೆ, ಗ್ರಹಣ, ಧೂಮಕೇತು ನಮ್ಮವರ ಬಾಯಲ್ಲಿ ಇರುವಂಥವು, ಹಾಗೇ ಇರಲಿ. ‘ದೂರದರ್ಶಕ’ ಕಿವಿಗೆ ದೂರದರ್ಶನದಂತೆ ಕೇಳುತ್ತದೆ, ‘ಟೆಲಿಸ್ಕೋಪ್’ ಮೇಲು. ‘ಉಪಗ್ರಹ’ವಂತೂ ನಿಜಕ್ಕೂ ತೊಡಕು: ಇಸ್ರೋ ಹಾರಿಸುವುದೂ ಉಪಗ್ರಹ, ಶನಿಯ ಸುತ್ತ ತಿರುಗುವ ಟೈಟನ್ ಕೂಡ ಉಪಗ್ರಹ. ಹಾಯ್ಗೆನ್ಸ್ ನೌಕೆ 2005ರಲ್ಲಿ ಟೈಟನ್ ಮೇಲೆ ಇಳಿದ ಕಥೆಯಲ್ಲಿ ನೌಕೆ ಯಾವುದು, ಉಪಗ್ರಹ ಯಾವುದು ಎಂದು ಕೇಳುಗರು ಗಲಿಬಿಲಿಗೊಳ್ಳುತ್ತಾರೆ. ‘ಶನಿಯ ಚಂದ್ರ ಟೈಟನ್’ ಅಂದರೆ ಗೊಂದಲವೇ ಇಲ್ಲ.

ವಾಯೇಜರ್ ನೌಕೆಗಳು 1977ರಲ್ಲಿ ಹೊತ್ತೊಯ್ದ ಚಿನ್ನದ ಲೇಪದ ಧ್ವನಿಮುದ್ರಿಕೆಯ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಇದೆ. ಆ ದನಿ ಬರುವ ಎರಡು ಸೆಕೆಂಡು ಮೊದಲೇ ನಿರೂಪಣೆ ನಿಲ್ಲಲಿ, ಸಂಗೀತ ತಗ್ಗಲಿ. ಅದರ ಮೇಲೆ ವಿವರಣೆ ಹೇರುವುದು ದೊಡ್ಡ ಅನ್ಯಾಯ.

ಧ್ವನಿಮುದ್ರಣದಲ್ಲಿ ಕಾಡುವುದು ‘ಭೂಮಿ’ ಎಂಬ ಪದವೇ. ‘ಭ’ ಹೇಳುವಾಗ ಹೊರಡುವ ಗಾಳಿ ನೇರ ಮೈಕಿಗೆ ಬಡಿದು ‘ಧಪ್’ ಅನ್ನುತ್ತದೆ. ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿಟ್ಟು ನಡುವೆ ಪಾಪ್ ಫಿಲ್ಟರ್ (ಗಾಳಿಯ ಬಡಿತ ತಡೆಯುವ ಜಾಲರಿ) ಹಾಕಿ. ಧಪ್ ಸದ್ದಿಗೆ ಹೆದರಿ ‘ಬೂಮಿ’ ಎಂದು ಓದಿಸಬೇಡಿ. ಫ್ಯಾನ್ ನಿಲ್ಲಿಸಿ, ಗುಂಯ್‌ಗುಡುವ ಯುಪಿಎಸ್ ಇದ್ದರೆ ಕೋಣೆಯಿಂದ ಹೊರಗಿಡಿ. ಓದು ಮುಗಿದ ಮೇಲೆ ಯಾರೂ ಏಳದೆ, ಹಾಳೆ ಮಗುಚದೆ, 30 ಸೆಕೆಂಡು ಮಾತಿಲ್ಲದ ಕೋಣೆಯ ಸದ್ದನ್ನು ಮುದ್ರಿಸಿಕೊಳ್ಳಿ. ‘ಇಳಿಯುತ್ತಿದೆ’ಗೂ ‘ಕಾಲೂರಿತು’ವಿಗೂ ನಡುವಿನ ಆ ನಾಲ್ಕು ಸೆಕೆಂಡಿಗೆ ಹಾಕಬೇಕಾದ್ದು ಅದನ್ನೇ.