ನಿಂತ ಕಾರನ್ನು ಚುರುಕಾಗಿ ಹೊರಡಿಸುವುದು: ಕ್ಲಚ್ ಹಿಡಿದ ಮೇಲಿನ ಎರಡು ಸೆಕೆಂಡು

ಮೊದಲ ಗೇರಿಗೆ ಹಾಕುವುದು, ಕನ್ನಡಿ ನೋಡುವುದು, ಹ್ಯಾಂಡ್‌ಬ್ರೇಕ್ ಇಳಿಸುವುದು ಕಲಿಯುವವರೆಲ್ಲರಿಗೂ ಗೊತ್ತಿರುವುದರಿಂದ ಅವನ್ನು ಇಲ್ಲಿ ವಿವರಿಸುವುದಿಲ್ಲ. ನಿಧಾನವಾಗಿ ಹೊರಡುವುದು ಚೆನ್ನಾಗಿ ರೂಢಿಯಾದ ಮೇಲೂ, ಬೇಗ ಹೊರಡಲು ಹೋದಾಗಲೆಲ್ಲ ನನ್ನ ಕಾರು ಎರಡು ಸಲ ಮುಗ್ಗರಿಸಿ ಆಫ್ ಆಗುತ್ತಿತ್ತು. ಕಾರಣ ಒಂದೇ. ಕ್ಲಚ್ ಹಿಡಿಯಿತು, ಅಂದರೆ ಇಂಜಿನ್ನಿನ ಶಕ್ತಿ ಚಕ್ರಗಳಿಗೆ ತಲುಪತೊಡಗಿತು ಎಂದು ತಿಳಿದ ಕೂಡಲೇ ನಾನು ಪೆಡಲನ್ನು ಪೂರ್ತಿ ಬಿಟ್ಟುಬಿಡುತ್ತಿದ್ದೆ.

ಇದು ಏಕೆ ತಪ್ಪು ಎಂಬುದು ಲೆಕ್ಕ ಹಾಕಿದಾಗಲೇ ನನಗೆ ಮನದಟ್ಟಾಯಿತು. ಮೊದಲ ಗೇರಿನಲ್ಲಿ ಇಂಜಿನ್ 14 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ, ಚಕ್ರದ ಸುತ್ತಳತೆ 1.9 ಮೀಟರ್ ಇದೆ ಎಂದಿಟ್ಟುಕೊಳ್ಳೋಣ. ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಕ್ಲಚ್ ಜಾರದೆ ಪೂರ್ತಿ ಕಚ್ಚಿಕೊಂಡಿರಲು ಕಾರು ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿ ಓಡುತ್ತಿರಬೇಕು. ಆದರೆ ಕಾರು ಇನ್ನೂ ನಿಂತಿದೆ. ಸೊನ್ನೆಯಿಂದ 16ರವರೆಗಿನ ಈ ಅಂತರವನ್ನು ತುಂಬುವುದು ಕ್ಲಚ್ ಪ್ಲೇಟಿನ ಜಾರುವಿಕೆ ಮಾತ್ರ; ಅಂತರ ತುಂಬುವ ಮೊದಲೇ ಪೆಡಲ್ ಬಿಟ್ಟರೆ ನಿಂತ ಕಾರಿನ ಭಾರವೆಲ್ಲ ಒಮ್ಮೆಲೇ ಇಂಜಿನ್ನಿನ ಮೇಲೆ ಬಿದ್ದು, ಅದು ಆಫ್ ಆಗುತ್ತದೆ ಇಲ್ಲವೇ ಕಾರು ಜಿಗಿಯುತ್ತದೆ.

ಆದ್ದರಿಂದ ಕ್ಲಚ್ ಹಿಡಿಯುವ ಜಾಗಕ್ಕೆ ಪೆಡಲ್ ಬಂದಾಗ ಪಾದವನ್ನು ಅಲ್ಲಿಯೇ ನಿಲ್ಲಿಸಬೇಕು. ಹಿಮ್ಮಡಿಯನ್ನು ನೆಲಕ್ಕೆ ಊರಿ ಪಾದವನ್ನಷ್ಟೇ ಆಡಿಸಿದಾಗ ಈ ನಿಲುಗಡೆ ನನಗೆ ಸಾಧ್ಯವಾಯಿತು. ಮಂಡಿಯನ್ನೇ ಎತ್ತುತ್ತಿದ್ದಾಗ ಪೆಡಲ್ ಕೈಮೀರಿ ಮೇಲೆ ಬರುತ್ತಿತ್ತು. ಎಷ್ಟು ಹೊತ್ತು ನಿಲ್ಲಿಸಬೇಕೆಂಬುದನ್ನು ಆರ್‌ಪಿಎಂ ಮುಳ್ಳೇ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು) ಹೇಳುತ್ತದೆ, ನನಗೆ ಅತ್ಯಂತ ಪ್ರಿಯವಾದ ಗುರುತು ಇದು. ಕ್ಲಚ್ ಹಿಡಿದಾಗ ಇಂಜಿನ್ನಿನ ಸದ್ದು ದಪ್ಪವಾಗಿ, ಮುಳ್ಳು ತುಸು ಕೆಳಗಿಳಿಯುತ್ತದೆ. ಆಗ ಬಲಗಾಲಿನಿಂದ ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚು ಒತ್ತಿದರೆ ಮುಳ್ಳು ಒಂದೆಡೆ ನಿಲ್ಲುತ್ತದೆ, ಕಾರು ಮಾತ್ರ ವೇಗ ಪಡೆಯುತ್ತಾ ಹೋಗುತ್ತದೆ. ಬಳಿಕ ಕಾರಿನ ವೇಗದ ಜೊತೆಜೊತೆಯಾಗಿಯೇ ಮುಳ್ಳು ಮತ್ತೆ ಏರತೊಡಗಿದರೆ ಜಾರುವಿಕೆ ಮುಗಿಯಿತೆಂದು ಅರ್ಥ. ಉಳಿದ ಪೆಡಲನ್ನು ಆಗ ಎಷ್ಟು ಬೇಗ ಬಿಟ್ಟರೂ ಕುಲುಕಾಟವಿರುವುದಿಲ್ಲ.

ಹಾಗಾದರೆ 3000 ಸುತ್ತಿಗೆ ಏರಿಸಿಕೊಂಡೇ ಏಕೆ ಹೊರಡಬಾರದು ಎಂದು ನನಗೂ ಅನಿಸಿತ್ತು. ಇಂಜಿನ್ನಿನ ಸುತ್ತನ್ನು ಒಂದೇ ಮಟ್ಟದಲ್ಲಿ ಹಿಡಿದು ಹೊರಟರೆ, ಜಾರುವಿಕೆ ಮುಗಿಯುವ ಹೊತ್ತಿಗೆ ಕಾರಿಗೆ ಎಷ್ಟು ಚಲನ ಶಕ್ತಿ ಸಿಗುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, 1500ರ ಬದಲು 3000 ಸುತ್ತಿನಲ್ಲಿ ಹೊರಟರೆ ಶಾಖ ನಾಲ್ಕು ಪಟ್ಟಾಗುತ್ತದೆ. ಸುಟ್ಟ ವಾಸನೆ ಬಂದರೆ ಅಭ್ಯಾಸ ನಿಲ್ಲಿಸಿ ಕ್ಲಚ್ ತಣ್ಣಗಾಗಲು ಬಿಡಬೇಕು.

ಇನ್ನೊಂದು ಮಿತಿ ಟೈರಿನದು. ಕಾರು ಮುನ್ನುಗ್ಗುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ ಆ ಚಕ್ರಗಳ ಹಿಡಿತವೇ ಕಡಿಮೆಯಾಗಿ ಅವು ಇದ್ದಲ್ಲೇ ಗಿರಕಿ ಹೊಡೆಯಬಹುದು. ಆಗ ಆಕ್ಸಿಲರೇಟರನ್ನು ತುಸು ಸಡಿಲಿಸಿದರೆ ಸಾಕು. ಒದ್ದೆ ರಸ್ತೆಯಲ್ಲಿ ಈ ಅಭ್ಯಾಸವೇ ಬೇಡ. ಒಣಗಿದ, ಸಮತಟ್ಟಾದ, ಜನರಿಲ್ಲದ ಬಯಲಿನಲ್ಲಿ ಮೊದಲು 1500 ಸುತ್ತಿನಲ್ಲಿ ಮುಳ್ಳಿನ ಗುರುತು ಸ್ಪಷ್ಟವಾಗುವವರೆಗೆ ಮಾಡಿ, ಆಮೇಲೆ 2000ಕ್ಕೆ ಹೋಗಬಹುದು.